ಮೂರನೇ ವರ್ಷ ದಾಟಿದವರು

ಬೇಲಾ ಗುಟ್‌ಮನ್ ಅವರದು ಒಂದು ವಿಚಿತ್ರ ಸಿದ್ಧಾಂತ. ಕೋಚ್ ಆದವನು ಒಂದು ಕ್ಲಬ್ಬಿನಲ್ಲಿ ಎರಡು ವರ್ಷ ಇದ್ದು ಗಂಟುಮೂಟೆ ಕಟ್ಟಬೇಕು, ಮೂರನೆಯದು ಕೇಡಿನ ವರ್ಷ ಎಂದು ಅವರು ನಂಬಿದ್ದರು. ಅಷ್ಟು ಹೊತ್ತಿಗೆ ಆಟಗಾರರಿಗೆ ಕೋಚ್‌ನ ದನಿ ಕೇಳಿ ಕೇಳಿ ಬೇಸರ ಬಂದಿರುತ್ತದೆ, ಎದುರಾಳಿಗಳಿಗೆ ಅವನ ತಂತ್ರಗಳೆಲ್ಲ ಗೊತ್ತಾಗಿರುತ್ತವೆ ಎಂಬುದು ಅವರ ಲೆಕ್ಕ. ಬುಡಾಪೆಸ್ಟಿನಲ್ಲಿ ಹುಟ್ಟಿದ, ಯಹೂದಿಯೆಂಬ ಕಾರಣಕ್ಕೆ ಎರಡನೇ ಮಹಾಯುದ್ಧದಲ್ಲಿ ಕಡ್ಡಾಯ ದುಡಿಮೆಯ ಶಿಬಿರ ಕಂಡು ತಪ್ಪಿಸಿಕೊಂಡ ಈ ಮನುಷ್ಯ ಬದುಕಿಡೀ ಊರೂರು ಅಲೆದರು. ಮಿಲಾನ್, ಸಾವೊ ಪಾಲೊ, ಪೋರ್ಟೊ, ಬೆನ್ಫಿಕಾ, ಪೆನ್ಯರೋಲ್ ಎಂದು ಅವರು ಕಂಡ ಕ್ಲಬ್ಬುಗಳ ಪಟ್ಟಿ ಉದ್ದವಿದೆ. ಲಿಸ್ಬನ್ನಿನ ಬೆನ್ಫಿಕಾಕ್ಕೆ 1961 ಮತ್ತು 1962ರಲ್ಲಿ ಸಾಲಾಗಿ ಎರಡು ಯುರೋಪಿಯನ್ ಕಪ್ ಗೆದ್ದುಕೊಟ್ಟು ಸಂಬಳ ಹೆಚ್ಚಿಸಿ ಎಂದು ಕೇಳಿದರು. ಆಡಳಿತ ಮಂಡಳಿ ಒಪ್ಪಲಿಲ್ಲ, ಅವರು ಹೊರಟುಬಿಟ್ಟರು. ಇನ್ನು ನೂರು ವರ್ಷ ಬೆನ್ಫಿಕಾ ಯುರೋಪಿನ ಕಪ್ ಗೆಲ್ಲುವುದಿಲ್ಲ ಎಂದು ಅವರು ಶಾಪ ಹಾಕಿ ಹೋದರೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ನಿಜವೋ ಸುಳ್ಳೋ, ಅಲ್ಲಿಂದಾಚೆಗೆ ಯುರೋಪಿನ ಎಂಟು ಫೈನಲ್‌ಗಳಲ್ಲಿ ಆಡಿದ ಬೆನ್ಫಿಕಾ ಎಂಟರಲ್ಲೂ ಸೋತಿದೆ.

ತಮಾಷೆಯೆಂದರೆ, 1959ರಲ್ಲಿ ಬೆನ್ಫಿಕಾ ಸೇರಿದ ಗುಟ್‌ಮನ್ ಅಲ್ಲಿ ಮೂರನೇ ವರ್ಷವೂ ಇದ್ದರು. ರಿಯಲ್ ಮ್ಯಾಡ್ರಿಡ್ ತಂಡವನ್ನು 5-3ರಿಂದ ಬಗ್ಗುಬಡಿದು ಎರಡನೇ ಕಪ್ ಎತ್ತಿದ್ದು ಆ ಮೂರನೇ ವರ್ಷದಲ್ಲೇ. ತಮ್ಮ ಸಿದ್ಧಾಂತವನ್ನು ತಾವೇ ಸುಳ್ಳು ಮಾಡಿದ ಮೇಲೂ ಅವರು ಅದನ್ನು ಬಿಡಲಿಲ್ಲ. ಹಾಗೆ ನೋಡಿದರೆ ಫುಟ್‌ಬಾಲ್ ಜಗತ್ತೂ ಬಿಟ್ಟಿಲ್ಲ. ಕೋಚ್‌ಗಳ ಸರಾಸರಿ ಬಾಳಿಕೆ ಚಿಕ್ಕದು. ನಾಲ್ಕು ಪಂದ್ಯ ಸಾಲಾಗಿ ಸೋತರೆ ತಲೆದಂಡದ ಮಾತು ಶುರುವಾಗುತ್ತದೆ. ಇಂಥ ಕಸುಬಿನಲ್ಲಿ ‘ಸಾರ್ವಕಾಲಿಕ ಶ್ರೇಷ್ಠ ಕೋಚ್ ಯಾರು’ ಎಂಬ ಚರ್ಚೆಗೆ ಮಾತ್ರ ಕೊನೆಯಿಲ್ಲ. ಆ ಚರ್ಚೆ ಬಹುಪಾಲು ಟ್ರೋಫಿ ಎಣಿಸುವುದರಲ್ಲೇ ಮುಗಿಯುತ್ತದೆ, ಎಣಿಸಿದವರಿಗೆ ಅಲೆಕ್ಸ್ ಫರ್ಗ್ಯುಸನ್ ಅವರ 49 ಸಿಗುತ್ತದೆ, ಗೆದ್ದೆತ್ತಿನ ಬಾಲ ಹಿಡಿದು ಎಲ್ಲರೂ ಮನೆಗೆ ಹೋಗುತ್ತಾರೆ.

ಎಣಿಕೆಯ ಮೇಲೆ ನನಗೆ ದ್ವೇಷವಿಲ್ಲ. ಕಪ್ ಗೆಲ್ಲದ ಕೋಚ್‌ನನ್ನು ದಾರ್ಶನಿಕ ಎಂದು ಹೊಗಳುವ ಚಟವೂ ಒಂದಿದೆ, ಅದು ಇನ್ನೂ ಬೇಸರದ್ದು. ಆದರೆ ಬಾಳಿಕೆ ಬರುವ ಯಶಸ್ಸು ಯಾವುದು ಎಂದು ಕೇಳಿದರೆ ಎಣಿಕೆ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಒಂದು ಒಳ್ಳೆಯ ತಂಡ ಕಟ್ಟಿದ ಕೋಚ್‌ಗಳು ನೂರಾರು ಮಂದಿ ಇದ್ದಾರೆ. ತಾನೇ ಕಟ್ಟಿದ ಗೆಲ್ಲುವ ತಂಡವನ್ನು ಸಕಾಲದಲ್ಲಿ ತಾನೇ ಬಿಚ್ಚಿ, ಅದೇ ಜಾಗದಲ್ಲಿ ಎರಡನೆಯದನ್ನು ಕಟ್ಟಿದವರು ಬೆರಳೆಣಿಕೆಯಷ್ಟು. ತಾನು ಎದ್ದು ಹೋದ ಮೇಲೂ ಮನೆ ನಿಲ್ಲುವಂತೆ ಮಾಡಿದವರು ಅವರಿಗಿಂತ ಕಡಿಮೆ. ಈ ಎರಡು ಪರೀಕ್ಷೆಗಳಿಗೆ ದೊಡ್ಡ ಹೆಸರುಗಳನ್ನು ಒಡ್ಡಿದರೆ ಸಾಲು ಬದಲಾಗುತ್ತದೆ.

ಮೊದಲ ಪರೀಕ್ಷೆಯಲ್ಲಿ ಫರ್ಗ್ಯುಸನ್ ಅವರಿಗೆ ಸಾಟಿಯಿಲ್ಲ. ಗ್ಲಾಸ್ಗೊ ನಗರದ ಹಡಗುಕಟ್ಟೆಯ ಬಡಾವಣೆ ಗೋವನ್‌ನಲ್ಲಿ 1941ರಲ್ಲಿ ಹುಟ್ಟಿದವರು. ಸೇಂಟ್ ಮಿರೆನ್ ಕ್ಲಬ್ 1978ರಲ್ಲಿ ಅವರನ್ನು ಕೆಲಸದಿಂದ ತೆಗೆಯಿತು. ಅಲ್ಲಿಂದ ಆಬರ್ಡೀನ್‌ಗೆ ಹೋಗಿ ಸೆಲ್ಟಿಕ್ ಮತ್ತು ರೇಂಜರ್ಸ್ ಇಬ್ಬರೇ ಹಂಚಿಕೊಳ್ಳುತ್ತಿದ್ದ ಸ್ಕಾಟ್ಲೆಂಡ್ ಲೀಗನ್ನು ಮೂರು ಸಲ ಗೆದ್ದರು. 1983ರಲ್ಲಿ ಗೊಥೆನ್‌ಬರ್ಗ್‌ನ ಮಳೆಯಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 2-1ರಿಂದ ಮಣಿಸಿ ಕಪ್ ವಿನ್ನರ್ಸ್ ಕಪ್ ತಂದರು. ಅವರ ಇಡೀ ವೃತ್ತಿಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ಆಬರ್ಡೀನ್ ಅಧ್ಯಾಯ. ಆಮೇಲೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಅವರ ಕೈಗೆ ಹಣ ಬಂತು, ಆಬರ್ಡೀನ್‌ನಲ್ಲಿ ಇದ್ದದ್ದು ಸಿಟ್ಟು ಮಾತ್ರ.

1986ರ ನವೆಂಬರ್‌ನಲ್ಲಿ ಯುನೈಟೆಡ್‌ಗೆ ಬಂದ ಮೇಲೆ ಮೂರೂವರೆ ವರ್ಷ ಒಂದು ಟ್ರೋಫಿಯೂ ಇಲ್ಲ. 1989ರ ಸೆಪ್ಟೆಂಬರ್‌ನಲ್ಲಿ ಊರಿನ ಇನ್ನೊಂದು ತಂಡ ಮ್ಯಾಂಚೆಸ್ಟರ್ ಸಿಟಿಯ ಕೈಯಲ್ಲಿ 5-1ರ ಸೋಲು. ಆ ಋತುವಿನ ಲೀಗ್‌ನಲ್ಲಿ 13ನೇ ಸ್ಥಾನ. 1990ರ ಜನವರಿಯಲ್ಲಿ ಎಫ್‌ಎ ಕಪ್‌ನ ಮೂರನೇ ಸುತ್ತಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಸೋತರೆ ಕೆಲಸ ಹೋಗುತ್ತದೆ ಎಂದು ಪತ್ರಿಕೆಗಳು ಬರೆದಿದ್ದವು. ಮಾರ್ಕ್ ರಾಬಿನ್ಸ್ ಒಂದು ಗೋಲು ಹೊಡೆದರು, ಯುನೈಟೆಡ್ 1-0ಯಿಂದ ಗೆದ್ದಿತು, ಮೇ ತಿಂಗಳಲ್ಲಿ ಕಪ್ ಕೂಡ ಬಂತು. ಲೀಗ್ ಪಟ್ಟ ಸಿಕ್ಕಿದ್ದು 1993ರಲ್ಲಿ, ಅದೂ ಕ್ಲಬ್ಬಿನ 26 ವರ್ಷಗಳ ಕಾಯುವಿಕೆಯ ನಂತರ. ಇಂದಿನ ಮಾಲೀಕರ ತಾಳ್ಮೆಯ ಲೆಕ್ಕದಲ್ಲಿ ಫರ್ಗ್ಯುಸನ್ ಎರಡು ಸಲವಾದರೂ ಮನೆಗೆ ಹೋಗಿರುತ್ತಿದ್ದರು.

ಅಸಲಿ ಕಸುಬು ಕಾಣುವುದು ಆಮೇಲೆ. 1995ರ ಬೇಸಿಗೆಯಲ್ಲಿ ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಆಂದ್ರೇ ಕಾಂಚೆಲ್‌ಸ್ಕಿಸ್ ಮೂವರನ್ನೂ ಅವರು ಮಾರಿದರು. ಮೂವರೂ ಎರಡು ಸಲ ಲೀಗ್ ಗೆದ್ದ ತಂಡದ ಕಂಬಗಳು. ಅವರ ಜಾಗಕ್ಕೆ ದೊಡ್ಡ ಹೆಸರು ಯಾರನ್ನೂ ಕೊಳ್ಳಲಿಲ್ಲ. ಕ್ಲಬ್ಬಿನ ಯುವ ತಂಡದಲ್ಲಿ ಬೆಳೆದಿದ್ದ ಬೆಕಮ್, ಸ್ಕೋಲ್ಸ್, ಬಟ್, ನೆವಿಲ್ ಸೋದರರನ್ನು ಕಣಕ್ಕೆ ಬಿಟ್ಟರು. ಮೊದಲ ಪಂದ್ಯದಲ್ಲೇ ಆಸ್ಟನ್ ವಿಲ್ಲಾ 3-1ರಿಂದ ಬೆವರಿಳಿಸಿತು. ಹುಡುಗರನ್ನು ನಂಬಿ ಏನೂ ಗೆಲ್ಲಲಾಗದು ಎಂದು ಲಿವರ್‌ಪೂಲ್‌ನ ಮಾಜಿ ಆಟಗಾರ ಅಲನ್ ಹ್ಯಾನ್ಸನ್ ಬಿಬಿಸಿಯಲ್ಲಿ ಹೇಳಿದರು. ಆ ಋತು ಮುಗಿಯುವಾಗ ಲೀಗ್ ಮತ್ತು ಎಫ್‌ಎ ಕಪ್ ಎರಡೂ ಆ ಹುಡುಗರ ಕೈಯಲ್ಲಿದ್ದವು. ಅದೇ ಬೆಕಮ್‌ರನ್ನು 2003ರಲ್ಲಿ ಮ್ಯಾಡ್ರಿಡ್‌ಗೆ ಕಳಿಸಿದರು, 2005ರಲ್ಲಿ ನಾಯಕ ರಾಯ್ ಕೀನ್ ಅವರಿಗೆ ಬಾಗಿಲು ತೋರಿಸಿದರು, 2006ರಲ್ಲಿ ಗೋಲುಗಳ ಯಂತ್ರದಂತಿದ್ದ ರೂಡ್ ವ್ಯಾನ್ ನಿಸ್ಟಲ್‌ರೂಯ್ ಅವರನ್ನೂ ಬಿಟ್ಟರು. ಚೆಲ್ಸಿಯ ಕೈಲಿ 2005 ಮತ್ತು 2006ರ ಪಟ್ಟ ಕಳೆದುಕೊಂಡಾಗ ಮುದುಕನ ಕಾಲ ಮುಗಿಯಿತು ಎಂದವರೆಲ್ಲ ರೂನಿ ಮತ್ತು ರೊನಾಲ್ಡೊ ಇದ್ದ ಹೊಸ ತಂಡ 2007, 2008, 2009ರಲ್ಲಿ ಸಾಲಾಗಿ ಗೆದ್ದದ್ದನ್ನು ನೋಡಬೇಕಾಯಿತು. 2008ರ ಚಾಂಪಿಯನ್ಸ್ ಲೀಗ್ ಕೂಡ ಆ ತಂಡದ್ದೇ.

ಎಲ್ಲ ಮಾರಾಟವೂ ಸರಿಯಾಗಿರಲಿಲ್ಲ. 2001ರಲ್ಲಿ ಡಿಫೆಂಡರ್ ಯಾಪ್ ಸ್ಟಾಮ್‌ರನ್ನು ಮಾರಿದ್ದು ತಪ್ಪೆಂದು ಆಮೇಲೆ ಅವರೇ ಒಪ್ಪಿಕೊಂಡರು. ಆದರೆ ಮುಲಾಜಿಲ್ಲದೆ ಬಿಚ್ಚುವ ಈ ಗುಣದ ಜೊತೆಗೆ ಇನ್ನೊಂದು ಗುಟ್ಟಿತ್ತು, ಅದರ ಬಗ್ಗೆ ಚರ್ಚೆ ಕಡಿಮೆ. ಆಬರ್ಡೀನ್‌ನಲ್ಲಿದ್ದಾಗ ಸಹಾಯಕ ಆರ್ಚಿ ನಾಕ್ಸ್ ಫರ್ಗ್ಯುಸನ್‌ಗೆ ಹೇಳಿದ್ದಿಷ್ಟು: ದಿನದ ಅಭ್ಯಾಸ ನಾನು ನೋಡಿಕೊಳ್ಳುತ್ತೇನೆ, ನೀವು ದೂರ ನಿಂತು ನೋಡಿ. ಮನಸ್ಸಿಲ್ಲದೆ ಒಪ್ಪಿದ ಫರ್ಗ್ಯುಸನ್‌ಗೆ ಮೈದಾನದ ಅಂಚಿನಲ್ಲಿ ನಿಂತಾಗ ಮೊದಲು ಕಾಣದಿದ್ದದ್ದು ಕಾಣತೊಡಗಿತು. ಯಾರ ಓಟ ನಿಧಾನವಾಗಿದೆ, ಯಾರ ಮುಖ ಬಾಡಿದೆ, ಯಾರಿಗೆ ಹೊಟ್ಟೆ ತುಂಬಿದೆ ಎಂಬುದೆಲ್ಲ ಗೊತ್ತಾಯಿತು. ಮುಂದೆ ಯುನೈಟೆಡ್‌ನಲ್ಲಿ ಬ್ರಯನ್ ಕಿಡ್, ಸ್ಟೀವ್ ಮೆಕ್ಲಾರನ್, ಕಾರ್ಲೋಸ್ ಕೀರೋಶ್ ಎಂದು ಅಭ್ಯಾಸ ನಡೆಸುವ ಸಹಾಯಕರು ಬದಲಾಗುತ್ತಲೇ ಹೋದರು. ಆಟಗಾರರು ದಿನಾ ಕೇಳುವ ದನಿ ಕೆಲವು ವರ್ಷಕ್ಕೊಮ್ಮೆ ಹೊಸದಾಗುತ್ತಿತ್ತು. ದನಿಯೇ ಬೇಸರ ತರುತ್ತದೆ ಎಂದ ಗುಟ್‌ಮನ್‌ಗೆ ಇದಕ್ಕಿಂತ ಒಳ್ಳೆಯ ಉತ್ತರ ಇದ್ದಂತಿಲ್ಲ.

ಎರಡನೇ ಪರೀಕ್ಷೆಗೆ ಬಂದರೆ ಇದೇ ಫರ್ಗ್ಯುಸನ್ ನಪಾಸು. 2013ರಲ್ಲಿ 11 ಅಂಕಗಳ ಅಂತರದಿಂದ ಲೀಗ್ ಗೆದ್ದು ನಿವೃತ್ತರಾದಾಗ ಅವರು ಬಿಟ್ಟುಹೋದದ್ದು ವಯಸ್ಸಾದ ತಂಡವನ್ನು. ಫರ್ಡಿನೆಂಡ್, ವಿಡಿಚ್, ಎವ್ರಾ ಎಲ್ಲ ಮೂವತ್ತು ದಾಟಿದವರು, ರಯನ್ ಗಿಗ್ಸ್‌ಗೆ 39. ಅದೇ ಬೇಸಿಗೆಯಲ್ಲಿ ಕ್ಲಬ್ಬಿನ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಎದ್ದು ಹೋದರು. ಫರ್ಗ್ಯುಸನ್ ಆರಿಸಿದ ಡೇವಿಡ್ ಮೊಯಸ್ ಆರು ವರ್ಷದ ಕರಾರಿಗೆ ಸಹಿ ಹಾಕಿ, ಹಳೆಯ ಸಹಾಯಕರನ್ನು ಕಳಿಸಿ, ಹತ್ತು ತಿಂಗಳಲ್ಲಿ ತಾವೂ ಮನೆಗೆ ಹೋದರು. ತಂಡ ಏಳನೇ ಸ್ಥಾನಕ್ಕೆ ಬಿತ್ತು. ಮೊಯಸ್‌ರನ್ನು ಬೈಯುವುದು ಸುಲಭ. ಆದರೆ 26 ವರ್ಷ ಆಟಗಾರರ ಖರೀದಿಯಿಂದ ಹಿಡಿದು ಕ್ಯಾಂಟೀನಿನ ಹೆಂಗಸರ ಹೆಸರಿನವರೆಗೆ ಎಲ್ಲವೂ ಒಬ್ಬರ ತಲೆಯಲ್ಲೇ ಇದ್ದರೆ, ಆ ತಲೆ ಗೇಟು ದಾಟಿದ ದಿನ ಕ್ಲಬ್ಬಿಗೆ ಉಳಿಯುವುದೇನು?

ಯುನೈಟೆಡ್‌ಗೆ ಇದು ಹೊಸದೂ ಅಲ್ಲ. ಮ್ಯಾಟ್ ಬಸ್ಬಿ 1945ರಿಂದ ಕಟ್ಟಿದ ತಂಡದ ಎಂಟು ಆಟಗಾರರು 1958ರ ಫೆಬ್ರವರಿ 6ರಂದು ಮ್ಯೂನಿಕ್ ವಿಮಾನ ದುರಂತದಲ್ಲಿ ಸತ್ತರು. ಬಸ್ಬಿ ಅವರೂ ಸಾವಿನ ದವಡೆಯಿಂದ ಎದ್ದು ಬಂದರು. ಹತ್ತು ವರ್ಷದ ನಂತರ ವೆಂಬ್ಲಿಯಲ್ಲಿ ಬೆನ್ಫಿಕಾವನ್ನೇ 4-1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದರು. ಎರಡನೇ ತಂಡ ಕಟ್ಟುವುದೆಂದರೆ ಅದು. ಉಳಿದವರು ಬಿಚ್ಚಿ ಕಟ್ಟಿದರು, ಬಸ್ಬಿ ಹೂತು ಕಟ್ಟಿದರು. ಆದರೆ 1969ರಲ್ಲಿ ನಿವೃತ್ತರಾದ ಮೇಲೆ ಅವರು ಬೀಗದ ಕೈ ಕೊಟ್ಟೂ ಜಗಲಿ ಬಿಡದ ಯಜಮಾನನಂತೆ ಕ್ಲಬ್ಬಿನಲ್ಲೇ ಉಳಿದರು. ಅವರ ಉತ್ತರಾಧಿಕಾರಿ ವಿಲ್ಫ್ ಮೆಕ್‌ಗಿನೆಸ್ ಮೇಲೆ ದೂರಿದ್ದರೆ ಆಟಗಾರರು ಬಸ್ಬಿ ಬಳಿ ಹೋಗಬಹುದಿತ್ತು. 1974ರಲ್ಲಿ, ಯುರೋಪಿಯನ್ ಕಪ್ ಎತ್ತಿದ ಆರೇ ವರ್ಷಕ್ಕೆ, ಯುನೈಟೆಡ್ ಎರಡನೇ ಡಿವಿಜನ್‌ಗೆ ಕುಸಿಯಿತು.

ಆ ಊರಿಂದ ಐವತ್ತು ಕಿಲೋಮೀಟರ್‌ ಆಚೆ ಲಿವರ್‌ಪೂಲ್‌ನಲ್ಲಿ ಅದೇ ಕಾಲಕ್ಕೆ ನಡೆದದ್ದು ಇದಕ್ಕೆ ಪೂರ್ತಿ ವಿರುದ್ಧ. ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯವರಾದ ಬಿಲ್ ಶ್ಯಾಂಕ್ಲಿ 1959ರ ಡಿಸೆಂಬರ್‌ನಲ್ಲಿ ಬಂದಾಗ ಲಿವರ್‌ಪೂಲ್ ಎರಡನೇ ಡಿವಿಜನ್‌ನಲ್ಲಿತ್ತು. ಬಂದವರು ಅಲ್ಲಿದ್ದ ಸಹಾಯಕ ಸಿಬ್ಬಂದಿಯನ್ನು ತೆಗೆಯಲಿಲ್ಲ. ಬಾಬ್ ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಇವರನ್ನೇ ಇಟ್ಟುಕೊಂಡು ಕೆಲಸ ಶುರು ಮಾಡಿದರು. ಆನ್‌ಫೀಲ್ಡ್ ಕ್ರೀಡಾಂಗಣದ ಮುಖ್ಯ ಸ್ಟ್ಯಾಂಡಿನ ಕೆಳಗೆ, ಡ್ರೆಸ್ಸಿಂಗ್ ರೂಮಿನ ಹತ್ತಿರ, ಬೂಟುಗಳನ್ನು ಇಡುವ ಒಂದು ಕಿಷ್ಕಿಂಧೆ ಕೋಣೆಯಿತ್ತು. ಕಿಟಕಿಯಿಲ್ಲ, ಗೋಡೆಗೆ ನೇತುಬಿಟ್ಟ ಬೂಟುಗಳು, ಕೂರಲು ಬಿಯರ್ ಬಾಟಲಿಯ ಕ್ರೇಟುಗಳು. ಅಲ್ಲಿ ಈ ನಾಲ್ಕೈದು ಮಂದಿ ದಿನಾ ಸೇರಿ ತಂಡದ ಬಗ್ಗೆ ಮಾತಾಡುತ್ತಿದ್ದರು. ಪಂದ್ಯ ಮುಗಿದ ಮೇಲೆ ಎದುರಾಳಿ ತಂಡದ ಕೋಚ್‌ಗಳನ್ನು ಕರೆದು ಕುಡಿಯಲು ಕೊಟ್ಟು, ಅವರ ಬಾಯಿಂದಲೇ ಯಾವ ಆಟಗಾರ ಮಾರಾಟಕ್ಕಿದ್ದಾನೆ, ಯಾರ ಮಂಡಿ ನೋಯುತ್ತಿದೆ ಎಂದು ಕೇಳಿ ತಿಳಿಯುತ್ತಿದ್ದರು. ಪ್ರತಿ ದಿನದ ಅಭ್ಯಾಸ, ಹವಾಮಾನ, ಗಾಯದ ವಿವರ ಎಲ್ಲವೂ ನೋಟುಪುಸ್ತಕಗಳಲ್ಲಿ ದಾಖಲಾಗುತ್ತಿತ್ತು. ಯಾವನೋ ಆಟಗಾರನ ತೊಡೆಯ ಸ್ನಾಯು ಮಾರ್ಚ್‌ನಲ್ಲಿ ಹಿಡಿದುಕೊಂಡರೆ ಹಿಂದಿನ ಮಾರ್ಚ್‌ನ ಪುಟ ತೆರೆದು ಆಗ ಏನು ಮಾಡಿದ್ದೆವು ಎಂದು ನೋಡಬಹುದಿತ್ತು.

ಆ ಕೋಣೆಯಲ್ಲಿ ಜ್ಞಾನ ಒಬ್ಬರ ಸ್ವತ್ತಾಗಿರಲಿಲ್ಲ. 1973ರ ಅಕ್ಟೋಬರ್-ನವೆಂಬರ್‌ನಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡ ಯುರೋಪಿಯನ್ ಕಪ್‌ನಲ್ಲಿ ಎರಡೂ ಪಂದ್ಯಗಳಲ್ಲಿ 2-1ರಿಂದ ಲಿವರ್‌ಪೂಲನ್ನು ಸೋಲಿಸಿತು. ಇಂಗ್ಲೆಂಡಿನ ಶೈಲಿಯಲ್ಲಿ ಚೆಂಡನ್ನು ಎತ್ತಿ ಮುಂದಕ್ಕೆ ಒದೆಯುವ ಆಟ ಯುರೋಪಿನಲ್ಲಿ ನಡೆಯದು, ಡಿಫೆಂಡರುಗಳೂ ಚೆಂಡನ್ನು ಕಾಲಲ್ಲಿಟ್ಟುಕೊಂಡು ತಾಳ್ಮೆಯಿಂದ ಆಟ ಕಟ್ಟಬೇಕು ಎಂಬ ತೀರ್ಮಾನಕ್ಕೆ ಆ ಕೋಣೆ ಬಂತು. ಎಂಟು ತಿಂಗಳಿಗೆ, 1974ರ ಜುಲೈನಲ್ಲಿ, ಶ್ಯಾಂಕ್ಲಿ ಎಲ್ಲರನ್ನೂ ದಂಗುಬಡಿಸಿ ರಾಜೀನಾಮೆ ಕೊಟ್ಟರು. ಪಾಠ ಕಲಿತವರು ಒಬ್ಬರು, ಅದರ ಫಲ ಉಂಡವರು ಇನ್ನೊಬ್ಬರು. ಆ ಇನ್ನೊಬ್ಬರೇ ಒಲ್ಲೆ ಒಲ್ಲೆ ಎನ್ನುತ್ತಲೇ ಕುರ್ಚಿ ಏರಿದ ಬಾಬ್ ಪೈಸ್ಲಿ.

ಪೈಸ್ಲಿ ಮಾತುಗಾರರಲ್ಲ. ಮುಗ್ಗರಿಸುವ ನಾಲಿಗೆ, ಹಳೆ ಕಾರ್ಡಿಗನ್, ಕಾಲಿಗೆ ಮನೆಯ ಚಪ್ಪಲಿ. ನೋಡಿದರೆ ಪಕ್ಕದ ಬೀದಿಯ ಅಜ್ಜ. 1939ರಲ್ಲಿ ಆಟಗಾರನಾಗಿ ಕ್ಲಬ್ ಸೇರಿ, ಯುದ್ಧ ಮುಗಿಸಿ ಬಂದು, ಆಟ ನಿಂತ ಮೇಲೆ ಫಿಸಿಯೋ ಆಗಿ, ಸಹಾಯಕನಾಗಿ ಅಲ್ಲೇ ಉಳಿದವರು. ಆಟಗಾರ ಬಸ್ಸಿನಿಂದ ಇಳಿಯುವ ರೀತಿ ನೋಡಿಯೇ ಗಾಯ ಎಲ್ಲಿದೆ ಎಂದು ಹೇಳಬಲ್ಲರು ಎಂಬ ಖ್ಯಾತಿ ಅವರಿಗಿತ್ತು. ಒಂಬತ್ತು ಋತುಗಳಲ್ಲಿ ಆರು ಲೀಗ್ ಪಟ್ಟ, 1977, 1978, 1981ರಲ್ಲಿ ಮೂರು ಯುರೋಪಿಯನ್ ಕಪ್, ಒಂದು ಯುಇಎಫ್‌ಎ ಕಪ್, ಮೂರು ಲೀಗ್ ಕಪ್. ಬರಿಗೈಯಲ್ಲಿ ಮುಗಿದದ್ದು ಮೊದಲ ಋತು ಮಾತ್ರ. ವರ್ಷಕ್ಕೆ ಎಷ್ಟು ಎಂಬ ಸರಾಸರಿ ತೆಗೆದರೆ ಫರ್ಗ್ಯುಸನ್ ಕೂಡ ಹಿಂದೆ. ಶ್ಯಾಂಕ್ಲಿ ಬಿಟ್ಟುಹೋದ ತಂಡವನ್ನೇ ಅವರು ಆಡಿಸಿದರು ಎನ್ನುವವರೂ ಇದ್ದಾರೆ, ಆದರೆ 1977ರ ನಂತರದ ಲೆಕ್ಕ ಹಾಗೆ ಹೇಳುವುದಿಲ್ಲ. ರೋಮ್‌ನಲ್ಲಿ ಮೊದಲ ಯುರೋಪಿಯನ್ ಕಪ್ ಗೆದ್ದ ಬೇಸಿಗೆಯಲ್ಲೇ ತಂಡದ ತಾರೆ ಕೆವಿನ್ ಕೀಗನ್ ಹ್ಯಾಂಬರ್ಗ್‌ಗೆ ಹೊರಟರು. ಪೈಸ್ಲಿ ಸೆಲ್ಟಿಕ್‌ನಿಂದ ಕೆನಿ ಡಾಲ್‌ಗ್ಲಿಷ್‌ರನ್ನು ತಂದರು. ಆ ಒಂದು ವರ್ಷದ ಅವಧಿಯಲ್ಲೇ ಅಲನ್ ಹ್ಯಾನ್ಸನ್ ಮತ್ತು ಗ್ರೇಮ್ ಸೂನೆಸ್ ಕೂಡ ಬಂದರು. ಮುಂದಿನ ವರ್ಷದ ಫೈನಲ್‌ನಲ್ಲಿ ಏಕೈಕ ಗೋಲು ಡಾಲ್‌ಗ್ಲಿಷ್ ಅವರದು.

ಪೈಸ್ಲಿ 1983ರಲ್ಲಿ ಇಳಿದರು. ಅದೇ ಕೋಣೆಯ ಜೋ ಫೇಗನ್ ಮೊದಲ ವರ್ಷವೇ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಗೆದ್ದರು. 39 ಜನ ಸತ್ತ ಹೈಸೆಲ್ ದುರಂತದೊಂದಿಗೆ ಫೇಗನ್ ಅವರ ಕಾಲ ಮುಗಿಯಿತು. ಆಡುತ್ತಲೇ ಮ್ಯಾನೇಜರ್ ಆದ ಡಾಲ್‌ಗ್ಲಿಷ್ 1986ರಲ್ಲಿ ಲೀಗ್ ಮತ್ತು ಎಫ್‌ಎ ಕಪ್, ಆಮೇಲೆ 1988, 1990ರ ಲೀಗ್ ಗೆದ್ದರು. ಶ್ಯಾಂಕ್ಲಿಯಿಂದ ಎಣಿಸಿದರೆ ನಾಲ್ಕು ಮಂದಿ, 1973ರಿಂದ 1990ರವರೆಗೆ 11 ಲೀಗ್ ಪಟ್ಟ. ನಡುವೆ ಶ್ಯಾಂಕ್ಲಿ ಅವರ ಪಾಡು ಮಾತ್ರ ನೋವಿನದು. ರಾಜೀನಾಮೆಯ ಮೇಲೂ ಅವರು ಅಭ್ಯಾಸದ ಮೈದಾನಕ್ಕೆ ಬರುತ್ತಿದ್ದರು, ಆಟಗಾರರು ಹಳೆಯ ರೂಢಿಯಂತೆ ಅವರನ್ನೇ ಬಾಸ್ ಎನ್ನುತ್ತಿದ್ದರು. ಬರಬೇಡಿ ಎಂದು ಕ್ಲಬ್ ಸೂಚಿಸಿತು, ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಕ್ರೂರವೇ ಸರಿ, ಆದರೆ ಯುನೈಟೆಡ್ ಮಾಡಲಾಗದ್ದನ್ನು ಲಿವರ್‌ಪೂಲ್ ಮಾಡಿತು. 1990ರ ದಶಕದ ಮೊದಲಲ್ಲಿ ಆ ಬೂಟಿನ ಕೋಣೆಯನ್ನು ಕೆಡವಿ ಪತ್ರಕರ್ತರ ಕೋಣೆ ಕಟ್ಟಿದರು. ಮುಂದಿನ ಲೀಗ್ ಪಟ್ಟ ಬಂದದ್ದು 2020ರಲ್ಲಿ. ಕೋಣೆ ಕೆಡವಿದ್ದೇ ಕಾರಣ ಎಂದರೆ ಅದು ಮೂಢನಂಬಿಕೆಯಾಗುತ್ತದೆ, ಅದಕ್ಕೆ ಮೊದಲೇ ಅಲ್ಲಿ ಕೂರುವವರು ಚದುರಿದ್ದರು.

ಬ್ರಯನ್ ಕ್ಲಫ್ ವಿಷಯ ಬೇಗ ಹೇಳಿ ಮುಗಿಸಬಹುದು, ಅವರ ಅಭಿಮಾನಿಗಳು ಕ್ಷಮಿಸಲಿ. ಡರ್ಬಿ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎಂಬ ಎರಡು ಸಣ್ಣ ಊರಿನ ಕ್ಲಬ್ಬುಗಳನ್ನು ಎರಡನೇ ಡಿವಿಜನ್‌ನಿಂದ ಎತ್ತಿ ಇಂಗ್ಲೆಂಡಿನ ಚಾಂಪಿಯನ್ ಮಾಡಿದ್ದು, ಫಾರೆಸ್ಟ್‌ಗೆ 1979, 1980ರಲ್ಲಿ ಯುರೋಪಿಯನ್ ಕಪ್ ಕೊಡಿಸಿದ್ದು ಪವಾಡಕ್ಕೆ ಹತ್ತಿರದ್ದು. ಆದರೆ ಆ ಎಲ್ಲ ಗೆಲುವಿನಲ್ಲೂ ಆಟಗಾರರನ್ನು ಹುಡುಕುವ ಕಣ್ಣು ಪೀಟರ್ ಟೇಲರ್ ಅವರದು. ಟೇಲರ್ ಇಲ್ಲದೆ ಹೋದ ಲೀಡ್ಸ್‌ನಲ್ಲಿ ಕ್ಲಫ್ ಉಳಿದದ್ದು 44 ದಿನ. 1982ರಲ್ಲಿ ಟೇಲರ್ ಬಿಟ್ಟ ಮೇಲೆ ಲೀಗ್ ಕಪ್‌ಗಳು ಬಂದವು, ಲೀಗ್ ಪಟ್ಟ ಬರಲಿಲ್ಲ. 1993ರಲ್ಲಿ ಫಾರೆಸ್ಟ್ ಕೆಳಗಿನ ಡಿವಿಜನ್‌ಗೆ ಬಿದ್ದ ವರ್ಷವೇ, ಕುಡಿತ ಮುಖವನ್ನು ಹಾಳುಗೆಡವಿದ್ದಾಗ, ಅವರು ನಿವೃತ್ತರಾದರು. ಜೋಸೆ ಮೌರಿನೊ ಅವರದು ಇನ್ನೂ ಚಿಕ್ಕ ಕಥೆ. ಪೋರ್ಟೊ ಮತ್ತು ಇಂಟರ್ ಮಿಲಾನ್‌ಗೆ ಯುರೋಪಿನ ಕಿರೀಟ ತಂದ ಅವರು ಗುಟ್‌ಮನ್ ಸಿದ್ಧಾಂತದ ಬಹುದೊಡ್ಡ ಸಾಕ್ಷಿ: 2015ರ ಮೇ ತಿಂಗಳಲ್ಲಿ ಚೆಲ್ಸಿಗೆ ಲೀಗ್ ಗೆದ್ದುಕೊಟ್ಟರು, ಮೂರನೇ ಋತುವಿನ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು.

ಇಲ್ಲಿಯವರೆಗಿನ ಅಳತೆಗೋಲು ಇಂಗ್ಲೆಂಡಿಗೆ ಹೆಚ್ಚು ಒಗ್ಗುತ್ತದೆ ಎಂಬ ಆಕ್ಷೇಪ ಬರಬಹುದು, ಅದು ಸರಿಯಾದದ್ದೇ. ಅಲ್ಲಿ ಮ್ಯಾನೇಜರ್ ಎಂದರೆ ಕೊಳ್ಳುವುದು, ಮಾರುವುದು, ಸಂಬಳ, ಯುವ ತಂಡ ಎಲ್ಲಕ್ಕೂ ದೊರೆಯಾಗಿದ್ದ. ಇಟಲಿ, ಸ್ಪೇನ್‌ಗಳಲ್ಲಿ ಕೋಚ್‌ಗೆ ಆ ಅಧಿಕಾರ ಎಂದೂ ಇರಲಿಲ್ಲ. ಅಧ್ಯಕ್ಷರು ಕೊಂಡು ಕೊಟ್ಟವರನ್ನು ಆಡಿಸಬೇಕು. ಅಂಥ ಕಡೆ ಬಾಳಿಕೆ ಬೇರೆ ದಾರಿ ಹಿಡಿಯುತ್ತದೆ. ಅರಿಗೋ ಸಾಕಿ ಅವರನ್ನು ನೋಡಿ. ವೃತ್ತಿಪರ ಫುಟ್‌ಬಾಲ್ ಆಡಿದವರಲ್ಲ, ಅಪ್ಪನ ಶೂ ವ್ಯಾಪಾರದಲ್ಲಿದ್ದವರು. 1987ರಲ್ಲಿ ಎಸಿ ಮಿಲಾನ್ ಸೇರಿ ನಾಲ್ಕು ವರ್ಷ ಇದ್ದು ಗೆದ್ದ ಇಟಲಿಯ ಲೀಗ್ ಒಂದೇ ಒಂದು, ಯುರೋಪಿಯನ್ ಕಪ್ ಎರಡು. ಅವರೇ ಹೇಳಿಕೊಂಡ ಪ್ರಸಂಗವೊಂದಿದೆ. ಗುಲಿಟ್ ಮತ್ತು ವ್ಯಾನ್ ಬಾಸ್ಟನ್ ಅವರಿಗೆ ಸಂಘಟನೆಯ ಬೆಲೆ ಮನವರಿಕೆಯಾಗಬೇಕಿತ್ತು. ಗೋಲ್‌ಕೀಪರ್ ಮತ್ತು ನಾಲ್ವರು ಡಿಫೆಂಡರುಗಳನ್ನು ಒಂದು ಕಡೆ ನಿಲ್ಲಿಸಿ, ಎದುರಿಗೆ ಈ ಇಬ್ಬರೂ ಸೇರಿದಂತೆ ಹತ್ತು ಮಂದಿಯನ್ನು ಬಿಟ್ಟರು. ಹದಿನೈದು ನಿಮಿಷದಲ್ಲಿ ಒಂದು ಗೋಲು ಹೊಡೆಯಿರಿ ನೋಡೋಣ ಎಂದರು. ಬರೇಸಿ ಮತ್ತು ಮಾಲ್ದೀನಿ ಇದ್ದ ಆ ಐವರು ಒಟ್ಟಾಗಿ ಸರಿಯುತ್ತ, ಒಟ್ಟಾಗಿ ಮುಂದೆ ನುಗ್ಗುತ್ತ ಆಡಿದರು. ಹತ್ತು ಮಂದಿಗೆ ಗೋಲು ಸಿಗಲಿಲ್ಲ. ಮತ್ತೆ ಮತ್ತೆ ಆಡಿಸಿದಾಗಲೂ ಸಿಗಲಿಲ್ಲ.

1989ರ ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 5-0ಯಿಂದ ನೆಲಕಚ್ಚಿಸಿದ ಆ ಮಿಲಾನ್ ತಂಡದ ಮಿಡ್‌ಫೀಲ್ಡಿನಲ್ಲಿ ಕಾರ್ಲೊ ಆಂಚೆಲೊಟ್ಟಿ ಇದ್ದರು. ಸಾಕಿ ಹೋದ ಮೇಲೆ ಬಂದ ಫಾಬಿಯೊ ಕಾಪೆಲ್ಲೊ ಅದೇ ರಕ್ಷಣಾ ಗೋಡೆಯನ್ನಿಟ್ಟುಕೊಂಡು ಐದು ವರ್ಷದಲ್ಲಿ ನಾಲ್ಕು ಲೀಗ್ ಗೆದ್ದರು, ಲೀಗ್‌ನಲ್ಲಿ ಸಾಲಾಗಿ 58 ಪಂದ್ಯ ಸೋಲಲಿಲ್ಲ. ಕೆಲವು ಕೋಚ್‌ಗಳ ಫಸಲನ್ನು ಮುಂದಿನವರು ಕೊಯ್ಯುತ್ತಾರೆ. ಬಾರ್ಸಿಲೋನಾದಲ್ಲಿ ಯೋಹಾನ್ ಕ್ರೈಫ್ ಅವರದೂ ಹೀಗೆಯೇ. ರೀನಸ್ ಮಿಷಲ್ಸ್ ಅವರಿಂದ ಆಯಾಕ್ಸ್‌ನಲ್ಲಿ ಕಲಿತದ್ದನ್ನು ತಂದು, 1991ರಿಂದ 1994ರವರೆಗೆ ಸಾಲಾಗಿ ನಾಲ್ಕು ಲೀಗ್, 1992ರಲ್ಲಿ ಕ್ಲಬ್ಬಿನ ಮೊದಲ ಯುರೋಪಿಯನ್ ಕಪ್ ಗೆದ್ದರು. ಕೊನೆಯ ಎರಡು ಋತು ಬರಿಗೈ, 1996ರಲ್ಲಿ ಜಗಳವಾಡಿ ಹೊರದಬ್ಬಿಸಿಕೊಂಡರು. ಎರಡನೇ ತಂಡ ಕಟ್ಟಲು ಅವರಿಗಾಗಲಿಲ್ಲ. ಆದರೆ ಲಾ ಮಾಸಿಯಾ ಎಂಬ ಯುವ ತರಬೇತಿ ಕೇಂದ್ರದ ಎಲ್ಲ ವಯಸ್ಸಿನ ತಂಡಗಳಿಗೂ ಒಂದೇ ರೀತಿಯ ಆಟ ಕಲಿಸಬೇಕೆಂಬ ಅವರ ಹಟದಿಂದ, ಸಪೂರ ಮೈಕಟ್ಟಿನ ಗ್ವಾರ್ಡಿಯೋಲ 1990ರಲ್ಲಿ ಮೊದಲ ತಂಡಕ್ಕೆ ಬಂದರು. ಅದೇ ದಾರಿಯಲ್ಲಿ ಶಾವಿ, ಇನಿಯೆಸ್ಟಾ, ಮೆಸ್ಸಿ ಬಂದರು. ಕ್ರೈಫ್ ಅವರ ಎರಡನೇ ತಂಡ ಬಂತು, ಹನ್ನೆರಡು ವರ್ಷ ತಡವಾಗಿ, 2008ರಲ್ಲಿ ಶಿಷ್ಯನ ಕೈಯಲ್ಲಿ.

ಆ ಶಿಷ್ಯ ಪೆಪ್ ಗ್ವಾರ್ಡಿಯೋಲ ನಾಲ್ಕು ವರ್ಷದಲ್ಲಿ 14 ಟ್ರೋಫಿ ಗೆದ್ದು, ದಣಿದು, 2012ರಲ್ಲಿ ಬಾರ್ಸಿಲೋನಾ ಬಿಟ್ಟಾಗ ಗುಟ್‌ಮನ್ ಹೇಳಿದ್ದು ಸರಿಯೆನಿಸಿತ್ತು. 2016ರಲ್ಲಿ ಸೇರಿದ ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವರು ಬೇರೆಯೇ ಮನುಷ್ಯ. 2018ರಲ್ಲಿ 100 ಅಂಕ ಗಳಿಸಿದ ತಂಡದ ಕೊಂಪನಿ, ಡೇವಿಡ್ ಸಿಲ್ವಾ, ಅಗ್ವೇರೊ ಒಬ್ಬೊಬ್ಬರಾಗಿ ಹೋದರು, ರೂಬೆನ್ ಡಿಯಾಸ್, ಹಾಲಂಡ್ ಬಂದರು. 2023ರಲ್ಲಿ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರೂ ಬಂದವು. 2021ರಿಂದ 2024ರವರೆಗೆ ಸಾಲಾಗಿ ನಾಲ್ಕು ಲೀಗ್; ಇಂಗ್ಲೆಂಡಿನಲ್ಲಿ ಫರ್ಗ್ಯುಸನ್, ಪೈಸ್ಲಿ ಯಾರೂ ಮಾಡದ ಸಾಧನೆ. ಅಷ್ಟು ಹಣವಿದ್ದರೆ ಯಾರಾದರೂ ಗೆಲ್ಲುತ್ತಾರೆ ಎಂಬ ಗೊಣಗಾಟಕ್ಕೆ ಅರ್ಧ ಮಾತ್ರ ಬೆಲೆ. ಅಷ್ಟೇ ಹಣ ಸುರಿದು ಸೋತ ಕ್ಲಬ್ಬುಗಳು ಅದೇ ಊರಲ್ಲೇ ಸಿಗುತ್ತವೆ.

ಸಾಕಿಯ ಶಿಷ್ಯ ಆಂಚೆಲೊಟ್ಟಿ ನನ್ನ ಅಳತೆಗೋಲಿಗೆ ಸಿಗದವರು. ಚಾಂಪಿಯನ್ಸ್ ಲೀಗ್ ಐದು ಸಲ, ಎರಡು ಮಿಲಾನ್‌ಗೆ, ಮೂರು ರಿಯಲ್ ಮ್ಯಾಡ್ರಿಡ್‌ಗೆ. ಬೇರೆ ಯಾವ ಕೋಚ್‌ಗೂ ಇಷ್ಟು ಸಿಕ್ಕಿಲ್ಲ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಐದೂ ದೇಶಗಳ ಲೀಗ್ ಗೆದ್ದವರು ಅವರೊಬ್ಬರೇ. ಅವರ ಹೆಸರಿನಲ್ಲಿ ಒಂದು ಶೈಲಿಯಿಲ್ಲ, ಒಂದು ಪಂಥವಿಲ್ಲ. ಇರುವ ಆಟಗಾರರನ್ನು ನೋಡಿ ಅವರಿಗೆ ಒಪ್ಪುವ ಆಟ ಹೊಲಿಯುತ್ತಾರೆ, ಹುಬ್ಬು ಏರಿಸುತ್ತಾರೆ, ಮುಂದಿನ ಊರಿಗೆ ಹೋಗುತ್ತಾರೆ. ಮನೆ ಕಟ್ಟದೆ ಬಾಡಿಗೆ ಮನೆಯಲ್ಲೇ ದೊರೆಯಂತೆ ಬಾಳಿದವರು. 2003ರಲ್ಲಿ ಗೆದ್ದು 2024ರಲ್ಲೂ ಗೆದ್ದ ಮನುಷ್ಯನ ಯಶಸ್ಸಿಗೆ ಬಾಳಿಕೆಯಿಲ್ಲ ಎಂದರೆ ನಗುತ್ತಾರೆ. ಅವರನ್ನು ಸಾಲಿನಿಂದ ಹೊರಗಿಟ್ಟು ಗೌರವಿಸುವುದೇ ನ್ಯಾಯ.

ನಮ್ಮ ದೇಶದ ಒಂದು ಹೆಸರು ಈ ಚರ್ಚೆಯಲ್ಲಿ ಬರಲೇಬೇಕು. ಹೈದರಾಬಾದಿನ ಶಾಲಾ ಮಾಸ್ತರು ಸೈಯದ್ ಅಬ್ದುಲ್ ರಹೀಂ. ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ 1950ರಿಂದ 1954ರವರೆಗೆ ಸಾಲಾಗಿ ಐದು ರೋವರ್ಸ್ ಕಪ್. ಭಾರತಕ್ಕೆ 1951ರ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ, ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಬಹುತೇಕ ಬರಿಗಾಲಲ್ಲಿ ಆಡಿ ಯುಗೊಸ್ಲಾವಿಯಾ ಕೈಯಲ್ಲಿ 10-1ರ ಸೋಲು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಅಂಥ ಸೋಲಿನ ಮೇಲೆ ಯಾವ ಕೋಚ್‌ನ ಕೆಲಸವೂ ಉಳಿಯುವುದು ಕಷ್ಟ. ರಹೀಂ ಉಳಿದರು, ಹೊಸ ತಂಡ ಕಟ್ಟಿ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ತಂದರು. ಅದನ್ನೂ ಬಿಚ್ಚಿ ಮೂರನೆಯದನ್ನು ಕಟ್ಟಿದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್‌ಗೆ ಅವರು ಹೋದದ್ದು ಕ್ಯಾನ್ಸರ್ ಹೊತ್ತುಕೊಂಡು. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಮುಂದಿನ ಸಾಲಿನಲ್ಲಿ ಆಡಿಸಿದರು. ಇಡೀ ಕ್ರೀಡಾಂಗಣ ಭಾರತದ ವಿರುದ್ಧ ಕೂಗುತ್ತಿತ್ತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು; ದಕ್ಷಿಣ ಕೊರಿಯಾ 2-1ರಿಂದ ಸೋತಿತು. ಮರುವರ್ಷದ ಜೂನ್‌ನಲ್ಲಿ ರಹೀಂ ತೀರಿಕೊಂಡರು. ಮೊದಲ ಪರೀಕ್ಷೆಯಲ್ಲಿ ಅವರಿಗೆ ಬಸ್ಬಿ ಪಕ್ಕದ ಕುರ್ಚಿ. ಎರಡನೆಯದರಲ್ಲಿ ಸೋತದ್ದು ಅವರಲ್ಲ, ಅವರು ಬಿಟ್ಟುಹೋದದ್ದನ್ನು ಉಳಿಸಿಕೊಳ್ಳದ ಸಂಸ್ಥೆ. ಆ ಚಿನ್ನದ ನಂತರ ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಇನ್ನೊಂದು ಚಿನ್ನ ಬಂದಿಲ್ಲ.

ಬೆಂಗಳೂರಿನಲ್ಲೇ ಇದರ ಚಿಕ್ಕ ಮಾದರಿಯೊಂದು ಕಂಡಿತ್ತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಆ್ಯಷ್ಲಿ ವೆಸ್ಟ್‌ವುಡ್ ಮೂರು ವರ್ಷದಲ್ಲಿ ಎರಡು ಐ-ಲೀಗ್ ಗೆದ್ದುಕೊಟ್ಟು ಹೋದರು. ನಂತರ ಬಂದ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್ ತನಕ ಒಯ್ದರು. ರೋಕಾ ಅವರ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್ 2018-19ರ ಐಎಸ್‌ಎಲ್ ಗೆದ್ದರು. ಮೂವರ ಕೈ ದಾಟಿಯೂ ತಂಡ ಗೆಲ್ಲುತ್ತಲೇ ಇತ್ತು. ಆಮೇಲೆ ಆ ಸರಪಳಿ ಕಡಿಯಿತು.

ಸದ್ಯದ ಕಾಲದಲ್ಲಿ ಎರಡನೇ ಪರೀಕ್ಷೆ ಪಾಸಾದವರನ್ನು ಹುಡುಕಿದರೆ ಮೊದಲು ಕಾಣುವುದು ಎಮ್ಮಾ ಹೇಯ್ಸ್. ಚೆಲ್ಸಿ ಮಹಿಳಾ ತಂಡದಲ್ಲಿ 2012ರಿಂದ 2024ರವರೆಗೆ ಇದ್ದು ಏಳು ಲೀಗ್ ಪಟ್ಟ ಗೆದ್ದು, ಅಮೆರಿಕ ತಂಡಕ್ಕೆ ಹೋಗಿ ಕೆಲವೇ ವಾರದಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ತಂದರು. ಅವರ ಜಾಗಕ್ಕೆ ಬಂದ ಸೋನಿಯಾ ಬೊಂಪಸ್ಟೋರ್ ಮೊದಲ ಋತುವಿನ 22 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಇಂಗ್ಲೆಂಡಿನ ಮೂರೂ ಟ್ರೋಫಿ ಗೆದ್ದರು. ಬಿಟ್ಟುಹೋದ ತಂಡ ಎಷ್ಟು ಗಟ್ಟಿಯಿತ್ತು ಎನ್ನಲು ಬೇರೆ ಪುರಾವೆ ಬೇಕಿಲ್ಲ. ‘ಶ್ರೇಷ್ಠ ಕೋಚ್’ ಪಟ್ಟಿಗಳಲ್ಲಿ ಹೇಯ್ಸ್ ಅವರ ಹೆಸರು ಬಾರದಿರುವುದು ಪಟ್ಟಿ ಬರೆಯುವವರ ಸೋಮಾರಿತನ.

ಇನ್ನೊಬ್ಬರು ಯೂರ್ಗನ್ ಕ್ಲಾಪ್. ಲಿವರ್‌ಪೂಲ್‌ಗೆ 2019ರ ಚಾಂಪಿಯನ್ಸ್ ಲೀಗ್ ಮತ್ತು 2020ರ ಲೀಗ್ ತಂದ ತಂಡ ಸವೆದದ್ದು ಕಂಡು, 2023ರಲ್ಲಿ ಮಿಡ್‌ಫೀಲ್ಡನ್ನು ಬಹುಪಾಲು ಹೊಸದಾಗಿ ಕಟ್ಟಿ, ಮರುವರ್ಷ ಎದ್ದು ಹೋದರು. ನಂತರ ಬಂದ ಆರ್ನೆ ಸ್ಲಾಟ್ ಹೆಚ್ಚೇನೂ ಕೊಳ್ಳದೆ, ಆ ಆಟಗಾರರನ್ನೇ ಇಟ್ಟುಕೊಂಡು, 2025ರಲ್ಲಿ ಲೀಗ್ ಗೆದ್ದರು. ಲಿವರ್‌ಪೂಲ್ ಆ ಪಟ್ಟವನ್ನು ಖಚಿತ ಮಾಡಿಕೊಂಡ ದಿನ, 2013ರಿಂದ ಲೀಗ್ ಗೆಲ್ಲದ ಯುನೈಟೆಡ್ ಪಟ್ಟಿಯ ಕೆಳಗಿನ ಅರ್ಧದಲ್ಲಿತ್ತು.

ಈಗ ನನ್ನ ತೀರ್ಪು. ಒಂದೇ ಹೆಸರು ಹೇಳು ಎಂದರೆ ಫರ್ಗ್ಯುಸನ್ ಎನ್ನಲು ನನಗೆ ಕಷ್ಟವಿಲ್ಲ. ಒಬ್ಬ ಮನುಷ್ಯ ಒಂದು ಜಾಗದಲ್ಲಿ ಮಾಡಬಹುದಾದದ್ದರ ಮಿತಿ ಅವರು. ಆದರೆ ನಾಳೆ ಒಂದು ಕ್ಲಬ್ ಕಟ್ಟುವವರು ನಕಲು ಮಾಡಬೇಕಾದದ್ದು ಬಾಬ್ ಪೈಸ್ಲಿ ಅವರನ್ನು. ಬಸ್ಬಿ 1968ರಲ್ಲಿ, ಫರ್ಗ್ಯುಸನ್ 1999ರಲ್ಲಿ, ಡಾಲ್‌ಗ್ಲಿಷ್ 2018ರಲ್ಲಿ ಸರ್ ಆದರು. ಒಂಬತ್ತು ವರ್ಷದಲ್ಲಿ ಮೂರು ಯುರೋಪಿಯನ್ ಕಪ್ ಗೆದ್ದು 1996ರಲ್ಲಿ ತೀರಿಕೊಂಡ ಪೈಸ್ಲಿಗೆ ಆ ಬಿರುದು ಸಿಗಲೇ ಇಲ್ಲ.